ಕಾಲ್ಬೆರಳಿನ ಸಾಕ್ಷಿ

ಕಥೆಯಲ್ಲಿ ಬರುವ ಸಾವುಗಳೆಲ್ಲವೂ ಒಂದೇ ತೂಕದವಲ್ಲ. ಕೆಲವನ್ನು ಓದುಗನು ಮರುಮಾತಿಲ್ಲದೆ ಒಪ್ಪಿಕೊಂಡು ಕಣ್ಣೊರೆಸಿಕೊಳ್ಳುತ್ತಾನೆ. ಮತ್ತೆ ಕೆಲವನ್ನು ಓದಿದಾಗ ಪುಸ್ತಕವನ್ನು ತೊಡೆಯ ಮೇಲೆ ಮಗುಚಿ, "ಇವನು ಸತ್ತಿಲ್ಲ" ಎಂದು ನಿರ್ಧಾರವಾಗಿ ನುಡಿಯುತ್ತಾನೆ. ನಾಯಕನು ಬೆಟ್ಟದ ತುದಿಯಿಂದ ಉರುಳಿದ್ದಾನೆ, ಪ್ರವಾಹದಲ್ಲಿ ಕೊಚ್ಚಿಹೋಗಿದ್ದಾನೆ, ಉರಿಯುವ ಮನೆಯೊಳಕ್ಕೆ ನುಗ್ಗಿದವನು ಹೊರಗೆ ಬಂದಿಲ್ಲ. ಇಷ್ಟೆಲ್ಲ ಅನಾಹುತವನ್ನು ಲೇಖಕನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದರೂ ಓದುಗನ ಮನಸ್ಸು ಅಲುಗುವುದಿಲ್ಲ. ಶವವನ್ನು ಕಂಡವರು ಯಾರು? ಅದೊಂದೇ ಅವನ ಪ್ರಶ್ನೆ.

ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಮೂರು ಪಾಳಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯ ಚರ್ಚೆ ವಾರವಾರವೂ ನಡೆಯುತ್ತಿತ್ತು. ರಾತ್ರಿಯ ಪಾಳಿ ಮುಗಿಸಿ ಬಂದವರು ಮಂಡಕ್ಕಿಯ ಅಂಗಡಿಯ ಮುಂದೆ ನಿಂತು, ಒಂದೇ ವಾರಪತ್ರಿಕೆಯನ್ನು ನಾಲ್ಕು ಮಂದಿ ಹಂಚಿಕೊಂಡು ಧಾರಾವಾಹಿಯನ್ನು ಓದುತ್ತಿದ್ದರು. ಅಕ್ಷರ ಬಲ್ಲವನು ಓದುವುದು, ಉಳಿದವರು ಕೇಳುವುದು, ಕೊನೆಗೆ ಎಲ್ಲರೂ ಸೇರಿ ತೀರ್ಪು ಹೇಳುವುದು. 'ಮುಂದಿನ ಸಂಚಿಕೆಗೆ' ಎಂಬ ಮಾತಿನ ಮೇಲೆ ಪ್ರಾಣಬಿಟ್ಟ ಪಾತ್ರಕ್ಕೆ ಯಾರೂ ಅಳುತ್ತಿರಲಿಲ್ಲ. ಏಳು ದಿನ ಕಾಯುವ ಅಭ್ಯಾಸವಿದ್ದವರಿಗೆ, ಕಾಯಿಸುವುದೇ ಕಥೆಗಾರನ ಉಪಾಯವೆಂಬುದು ಚೆನ್ನಾಗಿ ತಿಳಿದಿತ್ತು. ಕೆ. ಬಿ. ಆರ್. ಡ್ರಾಮಾ ಕಂಪನಿಯಂಥ ನಾಟಕ ಮಂಡಲಿಗೆ ತವರಾದ ಊರು ಅದು. ಎರಡನೆಯ ಅಂಕದಲ್ಲಿ ಇರಿತಕ್ಕೆ ಸಿಕ್ಕಿ ಬಿದ್ದವನು, ನಾಲ್ಕನೆಯ ಅಂಕದಲ್ಲಿ ಗಡ್ಡ ಅಂಟಿಸಿಕೊಂಡು ಸನ್ಯಾಸಿಯಾಗಿ ಬರುವುದನ್ನು ಅಲ್ಲಿಯ ಜನ ಬೇಕಾದಷ್ಟು ಸಲ ಕಂಡಿದ್ದರು. ಗಡ್ಡದೊಳಗಿನ ಧ್ವನಿಯನ್ನು ಗುರುತಿಸುವುದರಲ್ಲಿಯೇ ಅವರಿಗೆ ಒಂದು ಸುಖ.

ಈ ಸುಖ ನಿನ್ನೆ ಮೊನ್ನೆಯದಲ್ಲ. ಕನ್ನಡಿಗರಿಗೆ ಇದನ್ನು ಕಲಿಸಿದವರು ಕಾದಂಬರಿಕಾರರಲ್ಲ. ಅವರಿಗಿಂತ ಎಷ್ಟೋ ಮೊದಲು ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನು ಕಲಿಸಿದ್ದಾನೆ. ಅವನ ಜೈಮಿನಿ ಭಾರತದ ಚಂದ್ರಹಾಸನ ಕಥೆಯನ್ನು ಗಮಕಿಗಳ ಬಾಯಿಂದ ಕೇಳದ ಹಳ್ಳಿ ಹಿಂದೆ ಈ ಸೀಮೆಯಲ್ಲಿ ಅಪರೂಪ. ಸತ್ತನೆಂದು ಎಲ್ಲರೂ ನಂಬಿದ ಪಾತ್ರವೊಂದು ಬದುಕಿದೆಯೆಂಬುದಕ್ಕೆ ಕಾವ್ಯದೊಳಗೇ ಗುರುತನ್ನು ಇಟ್ಟು, ಆ ಗುರುತಿನ ಸುತ್ತಲೂ ಕಥೆಯನ್ನು ಹೆಣೆದ ನಿದರ್ಶನ ಇದಕ್ಕಿಂತ ಸೊಗಸಾದದ್ದು ದೊರೆಯುವುದು ಕಷ್ಟ.

ಕೇರಳದ ಅರಸನಿಗೆ ಮೂಲಾ ನಕ್ಷತ್ರದಲ್ಲಿ ಒಂದು ಗಂಡುಮಗು ಹುಟ್ಟಿತು. ಅದರ ಒಂದು ಕಾಲಿಗೆ ಆರು ಬೆರಳು. ಅರಸನು ಯುದ್ಧದಲ್ಲಿ ಮಡಿದನು, ರಾಣಿ ಸಹಗಮನ ಮಾಡಿದಳು, ಮಗುವನ್ನು ದಾದಿಯೊಬ್ಬಳು ಎತ್ತಿಕೊಂಡು ಕುಂತಳಪುರಕ್ಕೆ ಬಂದಳು. ಅವಳೂ ತೀರಿಕೊಂಡ ಮೇಲೆ ಮಗು ಊರವರ ಕೈತುತ್ತಿನಲ್ಲಿ ಬೆಳೆಯಿತು. ಆ ರಾಜ್ಯದ ಮಂತ್ರಿ ದುಷ್ಟಬುದ್ಧಿಯ ಮನೆಯಲ್ಲಿ ಊಟಕ್ಕೆ ಸೇರಿದ ಬ್ರಾಹ್ಮಣರು ಆ ಹುಡುಗನ ಲಕ್ಷಣವನ್ನು ನೋಡಿ, ಮುಂದೆ ಈ ನಾಡನ್ನು ಆಳುವವನು ಇವನೇ ಎಂದುಬಿಟ್ಟರು. ತನ್ನ ಮಗನಿಗೆ ರಾಜ್ಯವನ್ನು ಕಟ್ಟಬೇಕೆಂದಿದ್ದ ಮಂತ್ರಿಗೆ ಆ ಮಾತು ಎದೆಯಲ್ಲಿ ಮುರಿದ ಮುಳ್ಳಾಯಿತು. ಕಟುಕರನ್ನು ಕರೆದು, ಹುಡುಗನನ್ನು ಕಾಡಿಗೆ ಒಯ್ದು ಕೊಂದು, ಕೊಂದದ್ದಕ್ಕೆ ಗುರುತನ್ನು ತರಬೇಕೆಂದು ಅಪ್ಪಣೆ ಮಾಡಿದನು. ಕಾಡಿನಲ್ಲಿ ಮಗುವಿನ ಮುಖವನ್ನು ನೋಡಿದ ಕಟುಕರಿಗೆ ಕೈ ಬರಲಿಲ್ಲ. ಹೆಚ್ಚಾಗಿದ್ದ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ತಂದು ಮಂತ್ರಿಗೆ ತೋರಿಸಿದರು. ಮಂತ್ರಿ ನಂಬಿದನು; ನಿಶ್ಚಿಂತನಾದನು.

ಇಲ್ಲಿ ಕವಿಯ ಜಾಣ್ಮೆಯನ್ನು ಗಮನಿಸಬೇಕು. ಗುರುತು ಒಂದೇ, ಅದನ್ನು ಓದುವವರು ಇಬ್ಬರು. ದುಷ್ಟಬುದ್ಧಿಗೆ ಆ ಬೆರಳು ಸಾವಿನ ಸಾಕ್ಷಿ. ಕೇಳುಗನಿಗೆ ಅದೇ ಬೆರಳು ಬದುಕಿನ ಸಾಕ್ಷಿ. ಇರಬಾರದ ಅಂಗವೊಂದು ಹೋಯಿತು. ಹೋದದ್ದರಿಂದ ಅಪಲಕ್ಷಣ ಕಳೆದು ಹುಡುಗನು ಇನ್ನಷ್ಟು ಪೂರ್ಣನಾದನು. ಮಂತ್ರಿಯು ಬೆರಳಿನಷ್ಟನ್ನು ಕಂಡು ದೇಹದಷ್ಟನ್ನು ಊಹಿಸಿದನು. ಸತ್ತ ದೇಹದಿಂದ ಬೆರಳನ್ನು ಕತ್ತರಿಸಬಹುದು, ಬದುಕಿರುವ ದೇಹದಿಂದಲೂ ಕತ್ತರಿಸಬಹುದು ಎಂಬ ಸಣ್ಣ ವಿಚಾರ ಅಷ್ಟು ದೊಡ್ಡ ರಾಜ್ಯವನ್ನು ನಡೆಸಿದವನ ತಲೆಗೆ ಹೊಳೆಯಲಿಲ್ಲ. ಹೊಳೆಯದಿರಲು ಕಾರಣವೂ ಇದೆ: ಅವನಿಗೆ ಬೇಕಾಗಿದ್ದುದು ಸಾವು. ಬೇಕಾದುದನ್ನು ತೋರಿಸುವ ಸಾಕ್ಷಿಯನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ಮುಂದಿನ ಕಥೆಯನ್ನು ಎಲ್ಲರೂ ಬಲ್ಲರು. ಬೇಟೆಗೆ ಬಂದ ಕುಳಿಂದನು ಕಾಡಿನಲ್ಲಿ ಮಗುವನ್ನು ಕಂಡು, ಚಂದನಾವತಿಗೆ ಕರೆದೊಯ್ದು ಮಗನಂತೆ ಸಾಕಿದನು. ವರ್ಷಗಳ ಮೇಲೆ ಅಲ್ಲಿಗೆ ಬಂದ ಮಂತ್ರಿ, ಬೆಳೆದು ನಿಂತ ತರುಣನನ್ನು ಕಂಡು, ಮಗು ಕಾಡಿನಲ್ಲಿ ಸಿಕ್ಕಿದ ವೃತ್ತಾಂತವನ್ನು ಕುಳಿಂದನಿಂದಲೇ ಕೇಳಿ, ತಾನು ಹಿಂದೆ ಓದಿದ ಸಾಕ್ಷಿಯನ್ನು ತಪ್ಪಾಗಿ ಓದಿದೆನೆಂದು ಅರಿತನು. ಈ ಸಲ ಬೆರಳನ್ನು ನಂಬದೆ ಬರವಣಿಗೆಯನ್ನು ನಂಬಿದನು. ಇವನಿಗೆ ವಿಷವನ್ನು ಕೊಡಬೇಕೆಂದು ತನ್ನ ಮಗ ಮದನನಿಗೆ ಓಲೆ ಬರೆದು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸಿದನು. ಕುಂತಳಪುರದ ಹೊರಗಿನ ಉದ್ಯಾನದಲ್ಲಿ ಮಲಗಿ ನಿದ್ರಿಸುತ್ತಿದ್ದ ತರುಣನನ್ನು ಮಂತ್ರಿಯ ಮಗಳು ವಿಷಯೆ ಕಂಡಳು, ಓಲೆಯನ್ನು ಬಿಚ್ಚಿ ಓದಿದಳು, ಕಣ್ಣ ಕಾಡಿಗೆಯಿಂದ ಒಂದಕ್ಷರವನ್ನು ತಿದ್ದಿದಳು. 'ವಿಷ' ಇದ್ದುದು 'ವಿಷಯೆ' ಆಯಿತು. ಮದನನು ಬರೆದದ್ದನ್ನು ಬರೆದಂತೆಯೇ ಓದಿ ತಂಗಿಯನ್ನು ಧಾರೆಯೆರೆದುಕೊಟ್ಟನು. ಒಂದು ಕಾಲ್ಬೆರಳು, ಒಂದು ಅಕ್ಷರ: ಇವೆರಡರ ಮೇಲೆ ಒಂದು ಪ್ರಾಣ ನಿಂತಿದೆ.

ಈ ಕುಂತಳವು ಎಲ್ಲಿಯದೋ ದೂರದ ದೇಶವಲ್ಲ. ತುಂಗಭದ್ರೆಯ ಆಚೀಚಿನ ಕನ್ನಡನಾಡಿಗೆ ಶಾಸನಗಳಲ್ಲಿ ಬರುವ ಹೆಸರು ಅದು. ಸೊರಬ ತಾಲೂಕಿನ ಕುಬಟೂರೇ ಚಂದ್ರಹಾಸನ ಕುಂತಳನಗರವೆಂಬ ಐತಿಹ್ಯವೂ ಉಂಟು. ಆದುದರಿಂದ ಹರಿಹರದ ಹೊಳೆಯ ದಂಡೆಯಲ್ಲಿ ಕುಳಿತು ಈ ಕಥೆಯನ್ನು ಕೇಳುವವನಿಗೆ ಕಟುಕರು ನಡೆದ ಕಾಡು ತನ್ನ ಸೀಮೆಯದೇ ಎನ್ನಿಸಿದರೆ ಆಶ್ಚರ್ಯವಿಲ್ಲ.

ಹರಿಹರದವರಿಗಂತೂ ಮಾತಿನ ಸಂದಿನಲ್ಲಿ ಇಣುಕಿ ನೋಡುವ ಪಾಠ ಊರಿನ ಹೆಸರಿನಲ್ಲಿಯೇ ಇದೆ. ಗುಹಾಸುರನೆಂಬ ರಕ್ಕಸನು ಬ್ರಹ್ಮನನ್ನು ಮೆಚ್ಚಿಸಿ, ಹರಿಯಿಂದಲೂ ಹರನಿಂದಲೂ ತನಗೆ ಸಾವು ಬರಬಾರದೆಂದು ವರ ಪಡೆದನಂತೆ. ವರದ ಮಾತು ಕೋಟೆಯಂತೆ ಭದ್ರವಾಗಿ ಕಾಣುತ್ತದೆ. ಆದರೆ ಹರಿ ಮತ್ತು ಹರ ಎಂದು ಬೇರೆ ಬೇರೆಯಾಗಿ ಹೇಳಿದವನು, ಇಬ್ಬರೂ ಒಂದೇ ಮೈಯಾಗಿ ಬಂದರೆ ಏನೆಂಬುದನ್ನು ಹೇಳಲಿಲ್ಲ. ಆ ಸಂದಿನಲ್ಲಿ ದೇವರು ನುಸುಳಿ ಬಂದರು. ಬಲಭಾಗ ಶಿವ, ಎಡಭಾಗ ವಿಷ್ಣುವಾಗಿ ನಿಂತ ಆ ಮೂರ್ತಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಗುಡಿಯನ್ನು ಕಟ್ಟಿಸಿದನು. 1268ರಲ್ಲಿ ಸೋಮ ದಂಡನಾಯಕನು ಅದನ್ನು ವಿಸ್ತರಿಸಿದನು. ಸಾಯುವ ಗಳಿಗೆಯಲ್ಲಿ ಗುಹನು ಬೇಡಿದ್ದು ಒಂದೇ: ಈ ಕ್ಷೇತ್ರಕ್ಕೆ ತನ್ನ ಹೆಸರು ಉಳಿಯಲಿ ಎಂದು. ಗುಹಾರಣ್ಯ ಕ್ಷೇತ್ರವೆಂಬ ಹೆಸರು ಹೀಗೆ ಬಂದಿತೆನ್ನುತ್ತಾರೆ. ಸಾಯಲಾರದವನು ಸತ್ತುದು ಮಾತಿನ ಸಂದಿನಿಂದ. ಹಾಗೆಯೇ, ಸತ್ತವನೆಂದು ಬಗೆದವನು ಬದುಕಿ ಬರುವುದೂ ಮಾತಿನ ಸಂದಿನಿಂದಲೇ.

ವ್ಯಾಸಭಾರತದ ಕೊನೆಯ ಯುದ್ಧದಲ್ಲಿಯೂ ಇಂಥದೇ ಹುಡುಕಾಟವಿದೆ. ಹದಿನೆಂಟನೆಯ ದಿನ ಸೇನೆಯೆಲ್ಲ ನಾಶವಾದ ಮೇಲೆ ದುರ್ಯೋಧನನು ಕಾಣಿಸುವುದಿಲ್ಲ. ಶವಗಳ ರಾಶಿಯಲ್ಲಿ ಅವನಿಲ್ಲ. ಪಾಂಡವರಿಗೆ ಗೆಲವು ಸಿಕ್ಕಿದರೂ ಮುಗಿತಾಯ ಸಿಗುವುದಿಲ್ಲ. ಕೊನೆಗೆ ಭೀಮನಿಗೆ ಮಾಂಸವನ್ನು ಒದಗಿಸುವ ಬೇಡರು, ಸರೋವರದ ನೀರನ್ನು ಸ್ತಂಭನಗೊಳಿಸಿ ಒಳಗೆ ಅಡಗಿದ್ದ ದೊರೆಯೊಡನೆ ಅಶ್ವತ್ಥಾಮಾದಿಗಳು ಆಡಿದ ಮಾತನ್ನು ಕೇಳಿಸಿಕೊಂಡು ಬಂದು ಸುದ್ದಿ ಮುಟ್ಟಿಸುತ್ತಾರೆ. ಕವಿ ರನ್ನನು ತನ್ನ ಗದಾಯುದ್ಧಕ್ಕೆ ಆ ಸರೋವರದ ಪ್ರಸಂಗವನ್ನೇ ಕೇಂದ್ರವಾಗಿ ಮಾಡಿಕೊಂಡನು. ವೈರಿಯ ಸಾವನ್ನೂ ಕಣ್ಣಾರೆ ಕಾಣದೆ ನಂಬಲಾಗದು ಎಂದಮೇಲೆ, ಪ್ರಿಯರ ಸಾವನ್ನು ಕಾಣದೆ ನಂಬುವುದು ಎಂತು?

ಪಶ್ಚಿಮದವರು ಈ ವಿದ್ಯೆಯನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದಾರೆ. ಚಾರ್ಲ್ಸ್ ಡಿಕನ್ಸ್ 1870ರಲ್ಲಿ ಎಡ್ವಿನ್ ಡ್ರೂಡ್ ಎಂಬ ತರುಣನ ರಹಸ್ಯವನ್ನು ಕುರಿತ ಕಾದಂಬರಿಯನ್ನು ತಿಂಗಳು ತಿಂಗಳು ಪ್ರಕಟಿಸತೊಡಗಿದನು. ಹನ್ನೆರಡು ಭಾಗಗಳಲ್ಲಿ ಮುಗಿಯಬೇಕಾದ ಕಥೆ. ಆರು ಭಾಗ ಸಿದ್ಧವಾಗುವಷ್ಟರಲ್ಲಿ, ಆ ವರ್ಷದ ಜೂನ್ 9ರಂದು, ಡಿಕನ್ಸನೇ ತೀರಿಕೊಂಡನು. ಡ್ರೂಡ್ ಕಾಣೆಯಾಗಿದ್ದಾನೆ, ಹೊಳೆಯ ಕಟ್ಟೆಯಲ್ಲಿ ಅವನ ಗಡಿಯಾರವೂ ಅಂಗಿಯ ಪಿನ್ನೂ ಸಿಕ್ಕಿವೆ, ದೇಹ ಸಿಕ್ಕಿಲ್ಲ. ಚಂದ್ರಹಾಸನ ಕಾಲ್ಬೆರಳು ಇಂಗ್ಲೆಂಡಿನಲ್ಲಿ ಗಡಿಯಾರವಾಗಿ ಬಂದಿದೆ, ಅಷ್ಟೆ. ಡಿಕನ್ಸನ ಟಿಪ್ಪಣಿಗಳಲ್ಲಿ ಕಾದಂಬರಿಗೆ ಯೋಚಿಸಿದ್ದ ಹೆಸರುಗಳು ದೊರೆತವು. ಡ್ರೂಡನು ಅಡಗಿದ್ದಾನೆಂದು ಸೂಚಿಸುವ ಹೆಸರು ಒಂದು. ಸತ್ತನೋ ಬದುಕಿದನೋ ಎಂದು ನೇರವಾಗಿ ಕೇಳುವ ಹೆಸರು ಮತ್ತೊಂದು. ಮುಖಪತ್ರದ ಚಿತ್ರದಲ್ಲಿ, ಲಾಂದ್ರ ಹಿಡಿದು ಒಳಬಂದವನ ಎದುರಿಗೆ ಒಬ್ಬ ತರುಣನು ನಿಂತಿದ್ದಾನೆ. ಅವನು ಡ್ರೂಡನೇ ಅಲ್ಲವೆ ಎಂದು ಒಂದು ಪಕ್ಷ ಹಿಡಿಯಿತು. ಡಿಕನ್ಸನ ಆಪ್ತಮಿತ್ರ ಫಾರ್ಸ್ಟರನು, ಸೋದರಮಾವನೇ ಅಳಿಯನನ್ನು ಕೊಲ್ಲುವ ಕಥೆಯೆಂದು ತನಗೆ ಡಿಕನ್ಸನೇ ಹೇಳಿದ್ದನೆಂದು ಬರೆದನು. ಆದರೂ ವಾದ ನಿಲ್ಲಲಿಲ್ಲ. 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಆ ಮಾವನ ಮೇಲೆ ಒಂದು ಅಣಕು ವಿಚಾರಣೆಯೇ ನಡೆಯಿತು. ಚೆಸ್ಟರ್‌ಟನ್ ನ್ಯಾಯಾಧೀಶ, ಬರ್ನಾರ್ಡ್ ಷಾ ಜೂರಿಯ ಮುಖಂಡ. ಕಾಗದದ ಮೇಲಿನ ಒಬ್ಬ ಹುಡುಗನಿಗಾಗಿ ಅಷ್ಟು ದೊಡ್ಡವರು ಒಂದು ಸಂಜೆಯನ್ನು ವ್ಯಯಮಾಡಿದರು!

ಷರ್ಲಾಕ್ ಹೋಮ್ಸನ ವಿಚಾರ ಎಲ್ಲರಿಗೂ ಗೊತ್ತಿದ್ದದ್ದೇ. 1893ರಲ್ಲಿ ಕಾನನ್ ಡಾಯ್ಲನು ಅವನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದಕ್ಕೆ ಬೀಳಿಸಿದನು. ಬೀಳುವಾಗ ವಾಟ್ಸನ್ ಅಲ್ಲಿರಲಿಲ್ಲ. ಸುಳ್ಳು ಚೀಟಿಯೊಂದನ್ನು ನಂಬಿ ದೂರ ಹೋಗಿದ್ದನು. ಹಿಂದಿರುಗಿ ಬಂದವನಿಗೆ ಸಿಕ್ಕಿದ್ದು ಊರುಗೋಲು ಮತ್ತು ಒಂದು ಪತ್ರ. 1903ರಲ್ಲಿ ಹೋಮ್ಸ್ ಬದುಕಿ ಬಂದಾಗ, ಹತ್ತು ವರ್ಷದ ಹಿಂದಿನ ಪುಟವನ್ನು ತಿದ್ದುವ ಪ್ರಸಂಗವೇ ಬರಲಿಲ್ಲ. ಸಾವನ್ನು ಕಂಡೆನೆಂದು ಆ ಪುಟದಲ್ಲಿ ಯಾರೂ ಹೇಳಿರಲಿಲ್ಲ. ಟೋಲ್ಕಿನ್ನನ ಅದ್ಭುತ ಕಾದಂಬರಿಯಲ್ಲಿ ಮಾಂತ್ರಿಕ ಗಂಡಾಲ್ಫನು ಪಾತಾಳದಂಥ ಕಂದಕಕ್ಕೆ ಬಿದ್ದುದು 1954ರ ಜುಲೈನಲ್ಲಿ ಹೊರಬಂದ ಮೊದಲನೆಯ ಸಂಪುಟದಲ್ಲಿ. ಎದ್ದು ಬಂದುದು ಅದೇ ವರ್ಷದ ನವೆಂಬರಿನ ಎರಡನೆಯ ಸಂಪುಟದಲ್ಲಿ. ನಡುವೆ ದೂರದ ಆಕಾಶದಲ್ಲಿ ಒಂದು ಹದ್ದು ಹಾರಾಡುತ್ತದೆ. ಸುಮ್ಮನೆ ಓದುವವನಿಗೆ ಅದು ಹದ್ದು. ಅದನ್ನು ಕಳುಹಿಸಿದವನೇ ಗಂಡಾಲ್ಫನೆಂದು ತಿಳಿದ ಮೇಲೆ ಓದುಗನು ಹಿಂದಿನ ಪುಟಗಳಿಗೆ ಮರಳುತ್ತಾನೆ.

ಹರಿಹರದ ನಿವೃತ್ತ ಉಪಾಧ್ಯಾಯರೊಬ್ಬರಿಗೂ, ದಾವಣಗೆರೆಯ ಕಾಲೇಜಿನಲ್ಲಿ ಓದುವ ಅವರ ಮೊಮ್ಮಗಳಿಗೂ ಈ ವಿಷಯದಲ್ಲಿ ಬಹಳ ದಿನದಿಂದ ವಾಗ್ವಾದ. ಉಪಾಧ್ಯಾಯರು ಜೈಮಿನಿ ಭಾರತವನ್ನು ರಾಗವಾಗಿ ಓದಬಲ್ಲವರು. ಮೊಮ್ಮಗಳು ಇಂಗ್ಲಿಷಿನ ದಪ್ಪ ದಪ್ಪ ಅದ್ಭುತ ಕಾದಂಬರಿಗಳಲ್ಲಿ ಮುಳುಗಿದವಳು. ಹದಿನಾಲ್ಕು ಕಿಲೋಮೀಟರಿನ ಬಸ್ಸಿನ ದಾರಿಯಲ್ಲಿಯೂ ಅವಳ ಕಣ್ಣು ಪುಸ್ತಕದ ಮೇಲೆಯೇ. ಸತ್ತನೆನ್ನಲಾದ ಯಾವುದೋ ರಾಜಕುಮಾರನು ಬದುಕಿದ್ದಾನೆಂಬುದಕ್ಕೆ ಪುಟಸಂಖ್ಯೆ ಸಹಿತ ಸಾಕ್ಷಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಅವಳ ಪರೀಕ್ಷೆಗಳು ನಾಲ್ಕು. ಸಾವನ್ನು ಕಂಡವರಾರು, ಅವರ ಮಾತು ನಂಬತಕ್ಕದ್ದೆ? ಶವ ಸಿಕ್ಕಿತೆ, ಸಿಕ್ಕಿದ್ದರೆ ಮುಖ ಗುರುತು ಹಿಡಿಯುವಂತಿತ್ತೆ? ಆ ಪಾತ್ರವನ್ನು ಕುರಿತ ಭವಿಷ್ಯವಾಣಿ ಇನ್ನೂ ಬಾಕಿ ಉಳಿದಿದೆಯೆ? ಆತನ ಸಾವಿನ ಅನಂತರ ಎಲ್ಲಿಂದಲೋ ಬಂದ ಹೊಸಬನನ್ನು ಲೇಖಕನು ಅಗತ್ಯಕ್ಕಿಂತ ಹೆಚ್ಚಾಗಿ ವರ್ಣಿಸುತ್ತಾನೆಯೆ?

"ನಿನ್ನ ನಾಲ್ಕು ಪರೀಕ್ಷೆಯೂ ಲಕ್ಷ್ಮೀಶನಲ್ಲಿ ಇವೆಯವ್ವ" ಎಂದು ಉಪಾಧ್ಯಾಯರು ನಗುತ್ತಾರೆ. ಕಂಡವರು ಕಟುಕರು; ಅವರು ಹೇಳಿದ್ದು ಸುಳ್ಳು. ಶವವಿಲ್ಲ, ಬೆರಳಿದೆ. ರಾಜ್ಯವಾಳುವನೆಂಬ ಬ್ರಾಹ್ಮಣರ ಮಾತು ಬಾಕಿಯಿದೆ. ಚಂದನಾವತಿಯ ಹೊಸ ಕುಮಾರನಂತೂ ಎದ್ದು ಕಾಣುತ್ತಾನೆ. ಮೊಮ್ಮಗಳು ಒಪ್ಪುತ್ತಾಳೆ. ಆದರೆ ಉಪಾಧ್ಯಾಯರ ಆಕ್ಷೇಪ ಬೇರೊಂದಿದೆ. ಕಥೆಯಲ್ಲಿ ಗುರುತನ್ನು ಇಟ್ಟವನೊಬ್ಬನಿದ್ದಾನೆ. ಆತನು ಬೇಕೆಂದೇ ಇಟ್ಟಿರುತ್ತಾನೆ. ಆದ್ದರಿಂದ ಹುಡುಕುವುದಕ್ಕೆ ಅರ್ಥವುಂಟು. ಮನುಷ್ಯರ ಬಾಳಿನಲ್ಲಿ ಗುರುತನ್ನು ಇಟ್ಟವರು ಯಾರು?

ಈ ಆಕ್ಷೇಪದ ಹಿಂದೆ ಒಂದು ಪೋಸ್ಟ್‌ಕಾರ್ಡು ಇದೆ.

ಉಪಾಧ್ಯಾಯರ ತಮ್ಮನು ದಾವಣಗೆರೆಯ ಗಿರಣಿಯೊಂದರಲ್ಲಿ ನೂಲುವ ಯಂತ್ರದ ಮೇಲೆ ಕೆಲಸಕ್ಕಿದ್ದನು. ಗಿರಣಿ ನಿಂತಿತು, ಕೆಲಸ ಹೋಯಿತು. ಮದುವೆಯಾಗದ ಒಂಟಿ ಜೀವ. ಕೆಲವು ತಿಂಗಳು ಅಣ್ಣನ ಮನೆಯ ಜಗುಲಿಯ ಮೇಲೆ ಮೌನವಾಗಿ ಕುಳಿತಿದ್ದು, 1993ರಲ್ಲಿ ಒಂದು ದಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದನು. ಮರುವರ್ಷ ಒಂದು ಕಾರ್ಡು ಬಂದಿತು. ತೀರ್ಥರೂಪ ಸಮಾನರಾದ ಅಣ್ಣನವರಿಗೆ ಸಾಷ್ಟಾಂಗ ನಮಸ್ಕಾರಗಳು; ಕೆಲಸ ಸಿಕ್ಕಿದೆ, ಅವ್ವನಿಗೆ ಹೇಳಿರಿ, ಹಬ್ಬಕ್ಕೆ ಬರುತ್ತೇನೆ. ಇಷ್ಟೇ. ವಿಳಾಸವಿಲ್ಲ. ಅಂಚೆಯ ಮುದ್ರೆ ಮಸಿಯಲ್ಲಿ ಕಲಸಿಹೋಗಿದೆ. ಬೂದುಗಾಜು ಹಿಡಿದು ನೋಡಿದರೂ ಊರಿನ ಹೆಸರು ಏಳುವುದಿಲ್ಲ.

ಯಾವ ಹಬ್ಬ? ಕಾರ್ಡು ಹೇಳುವುದಿಲ್ಲ. ತಾಯಿ ಮೊದಲು ಯುಗಾದಿಯೆಂದಳು, ಯುಗಾದಿ ಕಳೆಯಿತು. ದೀಪಾವಳಿಯೆಂದಳು; ಅದೂ ಕಳೆಯಿತು. ಈ ವರ್ಷದ್ದೆಂದು ಅವನೇನೂ ಬರೆದಿಲ್ಲವಲ್ಲ ಎಂದಳು. ತಾನು ಕಣ್ಣುಮುಚ್ಚುವವರೆಗೂ ಹಬ್ಬ ಹಬ್ಬಕ್ಕೂ ಒಂದು ಎಲೆಯನ್ನು ಹೆಚ್ಚಾಗಿ ಹಾಕಿಸುತ್ತಿದ್ದಳು. ಓದುಬರಹ ಬಾರದ ಆ ಮುದುಕಿ ಆ ಕಾರ್ಡನ್ನು ಓದಿದಷ್ಟು ಸೂಕ್ಷ್ಮವಾಗಿ ಡ್ರೂಡನ ಪುಟಗಳನ್ನು ಲಂಡನ್ನಿನ ಪಂಡಿತರೂ ಓದಿರಲಾರರು. ಅಕ್ಷರ ನೆಟ್ಟಗಿದೆ, ಕೈ ನಡುಗಿಲ್ಲ, ಆದ್ದರಿಂದ ಕಾಯಿಲೆಯಿಲ್ಲ. 'ಸಿಕ್ಕಿದೆ' ಎಂದಿದ್ದಾನೆ, 'ಸಿಗಬಹುದು' ಎಂದಿಲ್ಲ, ಆದ್ದರಿಂದ ಹಸಿವಿಲ್ಲ. ಕಾರ್ಡಿನ ಕೆಳಗೆ ಜಾಗ ಉಳಿದಿದೆ, ಆದ್ದರಿಂದ ಮತ್ತೆ ಬರೆಯುವ ಮನಸ್ಸಿತ್ತು. ಇವನ್ನೆಲ್ಲ ತಾಯಿಗೆ ಓದಿ ಓದಿ ಹೇಳಿದವರು ಉಪಾಧ್ಯಾಯರೇ. ಹೇಳುತ್ತ ಹೇಳುತ್ತ ತಾವೂ ನಂಬಿದರು.

ಮೂವತ್ತು ವರ್ಷ ಹೀಗೆಯೇ ಸರಿಯಿತು. ಈಗ ಹಳೆಯ ಮನೆಯ ತೊಲೆಗಳು ಗೆದ್ದಲು ಹಿಡಿದಿವೆ. ಉಪಾಧ್ಯಾಯರ ಮಗನು ಅದನ್ನು ಕೆಡವಿ ಕಟ್ಟಿಸಬೇಕೆಂದಿದ್ದಾನೆ. ಮನೆಯಿರುವುದು ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿ. ಸಾಲ ಕೊಡುವವರು ತಮ್ಮನ ಸಹಿಯನ್ನು ಕೇಳಿದರು. ಸಹಿ ಇಲ್ಲವಾದರೆ ಮರಣಪತ್ರವನ್ನು ಕೇಳಿದರು. ವಕೀಲರು ದಾರಿಯನ್ನು ತೋರಿಸಿದರು. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಒಂದು ನಿಯಮವಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಉಳಿದಿದೆ. ಒಬ್ಬನು ಬದುಕಿದ್ದರೆ ಸಹಜವಾಗಿ ಅವನ ಸುದ್ದಿ ಯಾರಿಗೆ ಬರಬೇಕೋ ಅವರಿಗೆ ಏಳು ವರ್ಷ ಸುದ್ದಿ ಬರದಿದ್ದಲ್ಲಿ, ಅವನು ಬದುಕಿದ್ದಾನೆಂದು ಸಾಧಿಸುವ ಭಾರ ಹಾಗೆ ಹೇಳುವವನ ಮೇಲೆ ಬೀಳುತ್ತದೆ. ನ್ಯಾಯಾಲಯದಿಂದ ಆ ಬಗ್ಗೆ ಘೋಷಣೆಯನ್ನು ಪಡೆಯಬಹುದು. ಉಪಾಧ್ಯಾಯರು ದಾವೆಯ ಅರ್ಜಿಗೆ ಸಹಿ ಮಾಡಬೇಕು.

ಉಪಾಧ್ಯಾಯರು ಸಹಿ ಮಾಡಲಿಲ್ಲ. ಅರ್ಜಿ ಮೇಜಿನ ಮೇಲೆ ಎರಡು ತಿಂಗಳು ಬಿದ್ದಿತ್ತು. ಮಗನಿಗೆ ಸಿಟ್ಟು; ಸೊಸೆಗೆ ಮಳೆಗಾಲದ ಚಿಂತೆ. ತಮ್ಮನನ್ನು ತಾವೇ ಕಾಡಿಗೆ ಒಯ್ದಂತೆ ಆ ವೃದ್ಧರಿಗೆ ಕಾಣುತ್ತಿತ್ತು. ಮನೆಗಾಗಿ ಬೆರಳು ಕತ್ತರಿಸಿ ತೋರಿಸು ಎಂದಂತಾಯಿತಲ್ಲ ಎಂದು ಒಂದು ಸಂಜೆ ಅವರು ಹೇಳಿದ್ದನ್ನು ಮೊಮ್ಮಗಳು ಮರೆಯಲಿಲ್ಲ.

ಸತ್ತವರೆಂದು ದಾಖಲಾದವರು ಬದುಕಿ ಬಂದ ಉದಾಹರಣೆಗಳೂ ಅವರ ಬಾಯಲ್ಲಿ ಸಿದ್ಧವಾಗಿದ್ದವು. ಬಂಗಾಳದ ಭಾವಲ್ ಜಮೀನ್ದಾರಿಯ ಎರಡನೆಯ ಕುಮಾರನು 1909ರಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡನೆಂದು ನಂಬಲಾಗಿತ್ತು. 1921ರಲ್ಲಿ ಢಾಕಾದ ಸೀಮೆಯಲ್ಲಿ ಒಬ್ಬ ಸನ್ಯಾಸಿ ತಾನೇ ಆ ಕುಮಾರನೆಂದನು. ಮೈಮೇಲಿನ ಗುರುತುಗಳು, ಪಾದದ ಒರಟು ಚರ್ಮ, ಚಿತೆಯ ರಾತ್ರಿ ಮಳೆ ಬಂದಿತ್ತೆ ಇಲ್ಲವೆ ಎಂಬ ವಿಚಾರ, ಎಲ್ಲವೂ ನ್ಯಾಯಾಲಯದ ಮುಂದೆ ಬಂದವು. 1936ರಲ್ಲಿ ಢಾಕಾದ ನ್ಯಾಯಾಲಯವೂ, 1940ರಲ್ಲಿ ಕಲ್ಕತ್ತೆಯ ಹೈಕೋರ್ಟೂ, 1946ರಲ್ಲಿ ಪ್ರಿವಿ ಕೌನ್ಸಿಲ್ಲೂ ಸನ್ಯಾಸಿಯ ಪರವಾಗಿ ತೀರ್ಪಿತ್ತವು. ಹನ್ನೆರಡು ವರ್ಷ ಸತ್ತಿದ್ದವನನ್ನು ಕಾನೂನೇ ಬದುಕಿಸಿತು. ಹೀಗಿರುವಲ್ಲಿ ಮೂವತ್ತು ವರ್ಷವೆಂದರೆ ಏನು ಮಹಾ?

ಮೊಮ್ಮಗಳು ಅಜ್ಜನೊಡನೆ ವಾದಿಸಲಿಲ್ಲ. ಅರ್ಜಿಯನ್ನು ಕೈಗೆ ತೆಗೆದುಕೊಂಡು, ತನ್ನ ಕಾದಂಬರಿಗಳನ್ನು ಓದುವ ಹಾಗೆಯೇ, ಒಂದೊಂದು ವಾಕ್ಯವನ್ನೂ ಬೆರಳಿಟ್ಟು ಓದಿದಳು.

"ಅಜ್ಜ, ಚಿಕ್ಕಜ್ಜ ತೀರಿಕೊಂಡಿದ್ದಾರೆ ಅಂತ ಇದರಲ್ಲಿ ನೀವು ಎಲ್ಲಿಯೂ ಹೇಳುತ್ತಿಲ್ಲ" ಎಂದಳು.

"ಮತ್ತೆ ಏನು ಹೇಳುತ್ತಿದ್ದೇನೆ?"

"ಏಳು ವರ್ಷಕ್ಕಿಂತ ಹೆಚ್ಚು ಕಾಲದಿಂದ ನಿಮಗೆ ಸುದ್ದಿ ಬಂದಿಲ್ಲ ಅಂತ. ಅಷ್ಟೇ. ಅದು ನಿಜ ತಾನೆ?"

ಉಪಾಧ್ಯಾಯರು ಕನ್ನಡಕವನ್ನು ಹಾಕಿಕೊಂಡು ತಾವೇ ಓದಿದರು. ಅದು ನಿಜವಾಗಿತ್ತು. ಇಂಥ ಪ್ರಕರಣಗಳಲ್ಲಿ ಕಾನೂನು ಬಹಳ ಎಚ್ಚರದಿಂದ ಮಾತಾಡುತ್ತದೆ. ಸತ್ತನೆಂದು ಊಹಿಸುತ್ತದೆಯೇ ಹೊರತು, ಯಾವ ದಿನ ಸತ್ತನೆಂದು ಊಹಿಸುವುದಿಲ್ಲ. ಆ ಊಹೆಯೂ ಕಲ್ಲಿನಲ್ಲಿ ಕೊರೆದುದಲ್ಲ. ಬದುಕಿರುವನೆಂದು ಯಾರಾದರೂ ತೋರಿಸಿಕೊಟ್ಟರೆ ಮುರಿದುಬೀಳುವಂಥದು. ಕಾಣೆಯಾದವನು ಬಾಗಿಲಲ್ಲಿ ಬಂದು ನಿಂತರೆ ಅವನಿಗಿಂತ ದೊಡ್ಡ ಸಾಕ್ಷಿ ಬೇರೊಂದು ಬೇಕಿಲ್ಲ. ಸಾಕ್ಷಿಯ ಅಧಿನಿಯಮವನ್ನು ಬರೆದವರು ದುಷ್ಟಬುದ್ಧಿಯಂತೆ ಬೆರಳನ್ನು ನೋಡಿ ದೇಹವನ್ನು ಹೇಳಿದವರಲ್ಲ. ತಿಳಿದಿರುವುದು ಇಷ್ಟು, ತಿಳಿಯದಿರುವುದು ಇಷ್ಟು, ತಿಳಿಯದಿದ್ದರೂ ಬಾಳು ನಡೆಯಬೇಕಾದ್ದರಿಂದ ಸದ್ಯಕ್ಕೆ ಹೀಗೆ ಇಟ್ಟುಕೊಳ್ಳೋಣ ಎಂಬುದು ಅದರ ಧಾಟಿ. ತಾಯಿಯು ಕಾರ್ಡಿನ ಖಾಲಿ ಜಾಗದಲ್ಲಿ ಮಗನ ಆಯುಸ್ಸನ್ನು ಓದಿದಳು. ಸಾಲ ಕೊಡುವವರು ಅವನ ಮೌನದಲ್ಲಿ ಸಾವನ್ನು ಓದಿದರು. ಕಾರ್ಡು ಎರಡನ್ನೂ ಹೇಳಿರಲಿಲ್ಲ.

ಮರುವಾರ ಉಪಾಧ್ಯಾಯರು ಹರಿಹರದ ವಕೀಲರ ಕಚೇರಿಗೆ ನಡೆದುಹೋಗಿ ಸಹಿ ಮಾಡಿದರು. ಆದರೆ ಒಂದು ಷರತ್ತು ಹಾಕಿದರು. ಹೊಸ ಮನೆಯ ನಕ್ಷೆಯಲ್ಲಿ ಹೊಳೆಯ ಕಡೆಗೆ ಒಂದು ಸಣ್ಣ ಕೋಣೆ ತಮ್ಮನ ಪಾಲಿನದೆಂದು ಇರಬೇಕು. ಮಗನು ಮಾತಿಲ್ಲದೆ ಒಪ್ಪಿದನು. ಕಾರ್ಡನ್ನು ವಕೀಲರು ದಾಖಲೆಗಾಗಿ ಕೇಳಿದಾಗ ಮಾತ್ರ ಉಪಾಧ್ಯಾಯರ ಕೈ ತಡೆಯಿತು; ನಕಲನ್ನು ಮಾಡಿಸಿಕೊಂಡು, ನ್ಯಾಯಾಲಯವು ಬೇಡಿದಾಗ ಮಾತ್ರ ಮೂಲವನ್ನು ತೋರಿಸುವೆನೆಂದರು.

ಸಾಹಿತ್ಯವನ್ನು ಓದುವುದರಿಂದ ಲೋಕವ್ಯವಹಾರಕ್ಕೆ ಏನು ಉಪಯೋಗವೆಂದು ಕೇಳುವವರು ಯಾವ ಊರಿನಲ್ಲಿಯೂ ಇದ್ದಾರೆ. ಅದ್ಭುತ ಕಾದಂಬರಿಗಳ ಮೇಲೆ ಮೊಮ್ಮಗಳು ಕಾಲವನ್ನು ಹಾಳುಮಾಡುತ್ತಾಳೆಂದು ಆ ಮನೆಯಲ್ಲಿಯೂ ದೂರು ಇದ್ದಿತು. ಆದರೆ ಸತ್ತನೆಂದದ್ದು ಯಾರು, ಕಂಡವರಾರು, ಬರೆದಿರುವುದು ನಿಜವಾಗಿ ಏನು ಎಂದು ಕೇಳುವ ಅಭ್ಯಾಸ ಅವಳಿಗೆ 'ಇಲ್ಲದ' ರಾಜಕುಮಾರರಿಂದಲೇ ಬಂದದ್ದು. ಅದು ಇದ್ದ ಅಜ್ಜನ ಕೊರಳಿನ ಕುಣಿಕೆಯನ್ನು ಸಡಿಲಿಸಿತು. ಚೆನ್ನಾಗಿ ಓದಬಲ್ಲವನು ಸಾಲುಗಳ ನಡುವೆ ಓದುತ್ತಾನೆನ್ನುತ್ತಾರೆ. ಅದಕ್ಕಿಂತ ಮೊದಲು ಅವನು ಸಾಲುಗಳನ್ನೇ ಓದಬೇಕು, ಮತ್ತು ಅವು ಮುಗಿದಲ್ಲಿ ನಿಲ್ಲಬೇಕು. ಮದನನು ತಂಗಿಯ ಮದುವೆಯನ್ನು ಮಾಡಿದ್ದು ಹಾಗೆ ಓದಿದ್ದರಿಂದ. ಅವನ ತಂದೆ ಕೆಟ್ಟದ್ದು ಹಾಗೆ ಓದದ್ದರಿಂದ.

ಆ ವರ್ಷದ ದೀಪಾವಳಿಗೆ ಹರಿಹರದ ಆ ಮನೆಯಲ್ಲಿ ಎಲೆ ಹಾಕುವಾಗ, ತಾಯಿ ಹೋದಂದಿನಿಂದ ನಿಂತುಹೋಗಿದ್ದ ಹೆಚ್ಚಿನ ಎಲೆಯೊಂದನ್ನು ಸೊಸೆಯೇ ತಂದು ಹಾಕಿದಳು. ಯಾರೂ ಏನೂ ಕೇಳಲಿಲ್ಲ. ದಾವೆಯ ಮುಂದಿನ ತಾರೀಕು ಹಬ್ಬ ಕಳೆದು ಹತ್ತು ದಿನಕ್ಕಿತ್ತು.